ಅಜ್ಜನ ಮೀಸಲು ಕುರಿ

ಘೋಣಸಗಿಯ ಸಂಗಣ್ಣಜ್ಜನ ಹಿಂಡಿನಲ್ಲಿ ಪ್ರತಿ ವರ್ಷ ಒಂದು ಕುರಿಯ ಕೊರಳಲ್ಲಿ ಮಾತ್ರ ಹಿತ್ತಾಳೆಯ ಸಣ್ಣ ಗಂಟೆ ಇರುತ್ತಿತ್ತು. ಆ ಕುರಿಯನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಮದುವೆ ಬರಲಿ, ಮನೆಗೆ ಹೊಸ ತಗಡು ಹಾಕಿಸುವುದಿರಲಿ, ಅಜ್ಜ ಅದರ ಕಡೆ ಕೈ ಚಾಚುತ್ತಿರಲಿಲ್ಲ. "ಅದು ಜಡ್ಡಿಗೆ ಮೀಸಲು" ಅನ್ನುತ್ತಿದ್ದ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮಾತ್ರ ಅದು ಸಂತೆಗೆ ಹೋಗುತ್ತಿತ್ತು. ವರ್ಷವೆಲ್ಲ ಎಲ್ಲರೂ ಗಟ್ಟಿಮುಟ್ಟಾಗಿದ್ದರೆ, ಯುಗಾದಿಯ ಮರುದಿನ ಅದನ್ನು ಹಿಂಡಿಗೆ ಬಿಟ್ಟು ಬೇರೊಂದು ಕುರಿಗೆ ಗಂಟೆ ಕಟ್ಟುತ್ತಿದ್ದ.

ಕುರಿ ಆರಿಸುವ ದಿನ ಮೊಮ್ಮಗಳು ಕಸ್ತೂರಿ ಅಜ್ಜನ ಕಂಬಳಿಯ ಅಂಚು ಹಿಡಿದು ಹಿಂದೆ ಹಿಂದೆ ತಿರುಗುತ್ತಿದ್ದಳು. ಮಾತು ಕಡಿಮೆಯ ಹುಡುಗಿ. ಆದರೆ ಕಣ್ಣಿಗೆ ಬಿದ್ದದ್ದನ್ನು ಬಿಡುತ್ತಿರಲಿಲ್ಲ. ಅಜ್ಜ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವನು. ಕಾಲೆತ್ತಿ ಗೊರಸು ಒತ್ತಿ ನೋಡುವನು. ಹತ್ತು ಹೆಜ್ಜೆ ನಡೆಸಿ, ಆಮೇಲೆ ಪಕ್ಕೆಗೆ ಕಿವಿ ಹಚ್ಚಿ ಉಸಿರು ಕೇಳುವನು.

"ಯಜ್ಜಾ, ಆ ದಪ್ಪನ್ನ ಕುರಿ ಛಲೋ ಐತಲ್ಲ?" ಎಂದು ಒಮ್ಮೆ ಕಸ್ತೂರಿ ಕೇಳಿದ್ದಳು.

"ದಪ್ಪ ಐತಿ ಖರೆ, ಕಾಲಾಗ ಕಸುವಿಲ್ಲ. ಜಡ್ಡು ಬಂದ ದಿನ ಬಬಲೇಶ್ವರ ಸಂತಿ ತನಕ ನಡೀಬೇಕಲ್ಲವ್ವಾ. ಸಂತಿ ಮುಟ್ಟದ ಕುರಿ ತಗೊಂಡು ಏನ್ ಮಾಡೂದು?"

"ಹಂಗಾರ ಆ ಸಣ್ಣದು? ಅಗ್ಗ ಐತಿ."

"ಅಗ್ಗದ್ದು ಕೊಟ್ರ ಅಗ್ಗದ ರೊಕ್ಕಾನ ಬರ್ತೈತಿ. ನಮ್ಮ ಮನ್ಯಾಗ ಎಷ್ಟ್ ಮಂದಿ ಅದಾರ, ಯಾರಿಗೆ ಏನ್ ಆಗಬಹುದು, ಅದನ್ನ ನೋಡಿ ಆರಿಸಬೇಕವ್ವಾ."

ಕಸ್ತೂರಿ ಹುಟ್ಟುವ ಎಷ್ಟೋ ಮೊದಲು ಆ ಗಂಟೆಯ ಕುರಿಯೇ ಅಜ್ಜನ ಮಗಳು ಮುದುಕವ್ವನ ಜೀವ ಉಳಿಸಿತ್ತಂತೆ. ಹದಿನಾಲ್ಕರ ಹುಡುಗಿಗೆ ಹೊಟ್ಟೆನೋವು ಬಂದು, ಗಾಡಿಯಲ್ಲಿ ಟಿಕೋಟಾಕ್ಕೆ, ಅಲ್ಲಿಂದ ವಿಜಯಪುರಕ್ಕೆ ಒಯ್ದು ಆಪರೇಷನ್ ಮಾಡಿಸಿದರು. ಓಣಿಯ ಅರ್ಧ ಮಂದಿ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತಿದ್ದರಂತೆ. ಯಾರೋ ರೊಟ್ಟಿ ತಂದರು, ಯಾರೋ ತಂಬಿಗೆಯಲ್ಲಿ ಹಾಲು ತಂದರು. ಕಂಬಳಿ ಹೊದ್ದ ಅಷ್ಟು ಮಂದಿಯನ್ನು ನೋಡಿ ಡಾಕ್ಟರೇ ನಕ್ಕು, "ಪೇಷಂಟ್ ಯಾರ್ರಿ ಇದರಾಗ?" ಎಂದು ಕೇಳಿದ್ದರಂತೆ. ಮುದುಕವ್ವ ಈ ಕಥೆ ಹೇಳುವಾಗಲೆಲ್ಲ ಅವಳ ದನಿ ಹುಡುಗಿಯ ದನಿಯಾಗುತ್ತಿತ್ತು.

ಈಗ ಅಜ್ಜನಿಲ್ಲ. ಹಿಂಡೂ ಇಲ್ಲ. ತವರಿನ ಪಾಲಿನಲ್ಲಿ ಮುದುಕವ್ವ ಕೇಳಿ ತಂದದ್ದು ಆ ಗಂಟೆಯೊಂದನ್ನೇ. ಅಣ್ಣನ ಮಗಳಾದ ಕಸ್ತೂರಿಯನ್ನು ತನ್ನ ಮಗ ಸೋಮುವಿಗೆ ತಂದುಕೊಂಡದ್ದರಿಂದ, ಅವಳು ಕಸ್ತೂರಿಗೆ ಸೋದರತ್ತೆಯೂ ಹೌದು, ಗಂಡನ ತಾಯಿಯೂ ಹೌದು. ಸೋಮುವಿನ ತಂಗಿ ನಿರ್ಮಲಾ ಸೇರಿ ಮನೆಯಲ್ಲಿ ನಾಲ್ವರು. ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಸೋಮು ಟೆಂಪೋ ಓಡಿಸಿ ಟಿಕೋಟಾ ಕಡೆಯ ಶೆಡ್‌ಗಳಿಂದ ಒಣದ್ರಾಕ್ಷಿ ಸಾಗಿಸುತ್ತಾನೆ. ಎಂಟನೆಯ ತರಗತಿಗೆ ಸಾಲಿ ಬಿಟ್ಟ ಕಸ್ತೂರಿ ಮನೆಯಲ್ಲೇ ಹೆಂಗಸರ ಜಂಪರ್ ಹೊಲಿಯುತ್ತಾಳೆ.

ಹೋದ ಬೇಸಿಗೆಯಲ್ಲಿ ಸೋಮುವಿನ ಗೆಳೆಯ ಮರೆಪ್ಪ ದ್ರಾಕ್ಷಿ ಶೆಡ್ಡಿನ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಅವಸರದಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಹಾಕಿದರು. ಮರೆಪ್ಪ ಎದ್ದು ನಡೆಯುವಷ್ಟರಲ್ಲಿ ಆಸ್ಪತ್ರೆಯ ಬಿಲ್ಲಿಗಾಗಿ ಮಾರಿದ ಅವನ ಟೆಂಪೋ ಬೇರೆಯವರ ಅಂಗಳದಲ್ಲಿ ನಿಂತಿತ್ತು. ಅದನ್ನು ನೋಡಿ ಬಂದ ದಿನ ಸೋಮು ಉಣ್ಣಲಿಲ್ಲ.

"ಯವ್ವಾ, ನಾವೊಂದು ಆರೋಗ್ಯ ವಿಮಾ ಮಾಡಿಸೂಣು" ಅಂದ.

"ಜಡ್ಡು ಬರೂಕಿಂತ ಮೊದಲ ಜಡ್ಡಿನ ರೊಕ್ಕ ಕಟ್ಟೂದಾ?" ಮುದುಕವ್ವ ಕಣ್ಣು ದೊಡ್ಡದು ಮಾಡಿದಳು. "ಬಾಗಲಾ ತೆರದು, ಬಾರಪಾ ಒಳಗ ಅಂತ ಕರದಂಗ ಆತು. ವರ್ಷಾ ಜಡ್ಡು ಬರಲಿಲ್ಲಂದ್ರ ರೊಕ್ಕ ತಿರಗಿ ಕೊಡ್ತಾರೇನು?"

"ಇಲ್ಲ."

"ನುಂಗಿದ್ರಲ್ಲ ಮತ್ತ!"

ಆದರೂ ಅವಳು ಕೊನೆಗೆ ಒಪ್ಪಿದಳು. ಅದಕ್ಕೆ ಕಾರಣ ಬೇರೆ ಇತ್ತು. ನಿರ್ಮಲಾಳಿಗೆ ಬಬಲೇಶ್ವರದ ಒಂದು ಮನೆಯಿಂದ ಗಂಡು ಬಂದಿತ್ತು. ಹುಡುಗ ಒಳ್ಳೆಯವನು, ಸ್ವಂತ ದ್ರಾಕ್ಷಿ ತೋಟ. ಹುಡುಗನ ತಾಯಿ ಮಾಳವ್ವ ಕನ್ಯೆ ನೋಡಲು ಬಂದವಳು ಹೆಚ್ಚು ಮಾತಾಡಿರಲಿಲ್ಲ. ಕೊಟ್ಟ ಚಹಾವನ್ನೂ ಕುಡಿಯದೆ ಹಾಗೇ ಇಟ್ಟಿದ್ದಳು. ಅದನ್ನು ಕಸ್ತೂರಿಯೊಬ್ಬಳೇ ಗಮನಿಸಿದ್ದಳು. ಮಾತು ಅರ್ಧಕ್ಕೆ ಬಂದಿತ್ತು, ಇನ್ನೂ ಎಲೆ ಅಡಿಕೆ ಆಗಿರಲಿಲ್ಲ. ಆ ಮಾಳವ್ವನ ತಮ್ಮ ಸುಭಾಷನೇ ವಿಮೆ ಏಜೆಂಟ್. "ಬೀಗರಾಗೂ ಮನಿ, ಇಲ್ಲ ಅಂದ್ರ ಛಲೋ ಅಲ್ಲ" ಎಂದುಕೊಂಡು ಮುದುಕವ್ವ ಸುಮ್ಮನಾದಳು.

ಭಾನುವಾರ ಸುಭಾಷ ಬಂದ. ಬಗಲಲ್ಲಿ ಚೀಲ, ಮುಖದ ತುಂಬ ನಗು.

"ಬೀಗರ ಮನ್ಯಾಗ ಕಮಿಷನ್ ಆಸೆಕ್ಕ ಬಂದಾನ ಅನ್ಕೋಬ್ಯಾಡ್ರಿ ಮತ್ತ!"

"ಅನ್ಕೊಂಡ್ರೂ ಚಾ ಅಂತೂ ಕೊಡ್ತೀವಿ, ಕುಂದರ್ರಿ" ಎಂದ ಸೋಮು.

ಸುಭಾಷ ಎರಡು ಪಾಲಿಸಿಗಳ ಕಾಗದ ಹರವಿದ. ಒಂದಕ್ಕೆ ಕಂತು ಕಡಿಮೆ, ಇನ್ನೊಂದಕ್ಕೆ ಹೆಚ್ಚು. ಸೋಮುವಿನ ಕಣ್ಣು ಕಡಿಮೆಯದ್ದರ ಮೇಲೆ ಬಿತ್ತು. ಸುಭಾಷ ಫಾರ್ಮ್ ತೆಗೆದು ಒಬ್ಬೊಬ್ಬರ ಹೆಸರು, ವಯಸ್ಸು ಬರೆದುಕೊಂಡ. ಆಮೇಲೆ ಪೆನ್ನು ನಿಲ್ಲಿಸಿ ಕೇಳಿದ:

"ಯಾರಿಗರ ಬಿಪಿ, ಸಕ್ಕರಿ ಬ್ಯಾನಿ, ಹಾರ್ಟಿಂದು, ಮೊದಲಿನ ಆಪರೇಷನ್ನು, ಏನರ ಐತೇನ್ರಿ? ಇದ್ದದ್ದು ಇದ್ದಂಗ ಹೇಳ್ರಿ."

"ಸಣ್ಣಾಕಿದ್ದಾಗ ಒಂದ್ ಹೊಟ್ಟಿ ಆಪರೇಷನ್ ಆಗೇತಿ. ಅದು ಬಿಟ್ರ ನಮ್ಮ ವಂಶದಾಗ ಯಾರಿಗೂ ಒಂದ್ ನೆಗಡಿ ಸೈತ ಇಲ್ರಿ" ಎಂದಳು ಮುದುಕವ್ವ. ಚಹಾದ ತಟ್ಟೆಯಿಂದ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿಕೊಂಡು, ಸುಭಾಷನಿಗೆ ಕಾಣುವ ಹಾಗೆ ಕಲಕಿದಳು.

ಸುಭಾಷ ಉಳಿದ ಪ್ರಶ್ನೆಗಳಿಗೆಲ್ಲ "ಇಲ್ಲ" ಎಂದು ಗುರುತು ಹಾಕಿದ. "ಬುಧವಾರ ತನಕ ವಿಚಾರ ಮಾಡಿ, ಎರಡರಾಗ ಯಾವುದು ಅಂತ ಫೋನ್ ಮಾಡ್ರಿ. ಅಲ್ಲೀತನಕ ಫಾರ್ಮ್ ನನ್ನ ಕಡೆ ಇರ್ತೈತಿ" ಎಂದು ಹೋದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಸ್ತೂರಿಯ ಕಣ್ಣು ತಾನಾಗಿ ಮೇಲಿನ ಹಲಗೆಗೆ ಹೋಯಿತು. ಅಲ್ಲಿ ಅಗಸಿ ಚಟ್ನಿಪುಡಿಯ ಡಬ್ಬಿ ಇತ್ತು. ಆ ಮನೆಯಲ್ಲಿ ಅಗಸಿ ಚಟ್ನಿ ತಿನ್ನುವವಳು ಮುದುಕವ್ವ ಒಬ್ಬಳೇ, ಹಾಗಾಗಿ ಬೇರೆ ಯಾರೂ ಆ ಡಬ್ಬಿ ಮುಟ್ಟುತ್ತಿರಲಿಲ್ಲ. ಅದರ ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸಕ್ಕರೆ ಕಾಯಿಲೆಯ ಗುಳಿಗೆ ಇದ್ದವು. ಕಸ್ತೂರಿ ಸೊಸೆಯಾಗಿ ಬಂದ ಮೊದಲ ತಿಂಗಳಲ್ಲೇ ಅದನ್ನು ಕಂಡುಕೊಂಡಿದ್ದಳು. ಅತ್ತೆ ದಿನಾಲು ಬೆಳಿಗ್ಗೆ ಆ ಡಬ್ಬಿಗೆ ಕೈ ಹಾಕುವುದು, ಮಂದಿಯ ಮುಂದೆ ಸಿಹಿ ಚಹಾ ಕುಡಿದು ಆಮೇಲೆ ಬಾಯಿ ಮುಕ್ಕಳಿಸುವುದು, ಎಲ್ಲ ನೋಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಯಾಕೆ ಮುಚ್ಚಿಟ್ಟಿದ್ದಾಳೆಂಬುದೂ ಗೊತ್ತಿತ್ತು. ಕನ್ಯೆ ಕೊಡುವ ಮನೆಯಲ್ಲಿ ಜಡ್ಡಿನ ಮಾತು ಎತ್ತಬಾರದು. ತಾಯಿಗೆ ಸಕ್ಕರೆ ಇದೆ ಅಂದರೆ ಮಗಳಿಗೂ ಬರುತ್ತದೆ ಎಂದು ಗಂಡಿನವರು ಹಿಂದೆ ಸರಿಯುತ್ತಾರೆ. ಈ ಭಯ ಮುದುಕವ್ವನೊಬ್ಬಳದಲ್ಲ, ಸುತ್ತಲಿನ ಎಷ್ಟೋ ಮನೆಗಳದು.

ಪಕ್ಕದ ಮನೆಯ ಇರ್ಫಾನಾ ಒಂದು ಆಸ್ಪತ್ರೆಯಲ್ಲಿ ವಿಮೆಯ ಕಾಗದ ನೋಡುವ ಕೆಲಸ ಮಾಡುತ್ತಾಳೆ. ಸೋಮವಾರ ಸಂಜೆ ಹೊಲಿಯಲು ಕೊಟ್ಟ ಜಂಪರ್ ಒಯ್ಯಲು ಬಂದವಳ ಮುಂದೆ ಕಸ್ತೂರಿ ಸುಭಾಷ ಬಿಟ್ಟು ಹೋದ ಎರಡು ಪಾಲಿಸಿ ಕಾಗದ ಇಟ್ಟಳು. ಸೋಮುವೂ ಅಲ್ಲೇ ಇದ್ದ. ಮುದುಕವ್ವ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತಿದ್ದಳು.

"ಮೊದಲ ಇದು ಹೇಳ್ರಿ. ಸರ್ಕಾರದ ಆರೋಗ್ಯ ಕಾರ್ಡ್ ಮಾಡ್ಸೀರೇನು?" ಇರ್ಫಾನಾ ಕೇಳಿದಳು.

"ಮಾಡ್ಸೀವ್ರಿ."

"ಛಲೋ ಆತು. ಅದನ್ನ ಜ್ವಾಕಿ ಮಾಡ್ರಿ. ಯಾವ ದವಾಖಾನ್ಯಾಗ, ಯಾವ ಚಿಕಿತ್ಸಾಕ್ಕ ನಡೀತೈತಿ ಕೇಳಿಟ್ಕೋರಿ. ಅದು ನಡೀದ ಜಾಗಾದಾಗ ಈ ಖಾಸಗಿ ವಿಮಾ ಬೇಕಾಗ್ತೈತಿ."

"ಅಲ್ಲಬೇ ಇರ್ಫಾನಾ," ಮುದುಕವ್ವ ಶೇಂಗಾ ಸಿಪ್ಪೆ ಊದುತ್ತ ನಡುವೆ ಬಾಯಿ ಹಾಕಿದಳು, "ನಮ್ಮಪ್ಪ ಒಂದ್ ಕುರಿ ಮೀಸಲಿಟ್ಟು ಮನೀನ ದಾಟಿಸಿದ. ಆ ಕುರಿ ಜಡ್ಡು ಬರದಿದ್ರ ಹಿಂಡಿಗೆ ತಿರಗಿ ಬರ್ತಿತ್ತು. ನಿಮ್ಮ ವಿಮಾ ತಿರಗಿ ಬರೂದುಲ್ಲ."

"ಖರೆ ಐತಿ ಚಿಗವ್ವಾ, ಬರೂದುಲ್ಲ. ಆದ್ರ ಈಗಿನ ಒಂದು ದೊಡ್ಡ ಆಪರೇಷನ್‌ಗೆ ಎಷ್ಟ್ ಕುರಿ ಬೇಕು ಹೇಳು? ನಿಮ್ಮಪ್ಪನ ಇಡೀ ಹಿಂಡ ಸಾಲೂದುಲ್ಲ. ಇದು ಹೆಂಗಂದ್ರ, ಸಾವಿರಾರು ಮನಿಯವ್ರು ಒಂದೊಂದು ಮರಿ ತಂದು ಒಂದ ಹಿಂಡಿನಾಗ ಬಿಟ್ಟಂಗ. ಯಾರ ಮನ್ಯಾಗ ಜಡ್ಡು ಬೀಳ್ತೈತಿ, ಆ ಹಿಂಡು ಅವರ ಕಡೆ ಹೋಗ್ತೈತಿ. ನಿನ್ನ ಕಡೆ ಬರದಿದ್ರ ನೀ ಗಟ್ಟಿ ಇದ್ದಿ ಅಂತ ಖುಷಿ ಪಡು."

ಮುದುಕವ್ವ ಶೇಂಗಾ ಸುಲಿಯುವುದು ನಿಧಾನವಾಯಿತು.

ಇರ್ಫಾನಾ ಕಡಿಮೆ ಕಂತಿನ ಕಾಗದ ಕೈಗೆತ್ತಿಕೊಂಡಳು. "ಮುಂದಿನ ಪುಟದಾಗ ಬರೇ ನಗೂ ಮಂದೀನ ಇರ್ತಾರ. ಹಿಂದಿನ ಸಣ್ಣ ಅಕ್ಷರ ಓದಬೇಕು. ಕಸ್ತೂರಿ, ದವಾಖಾನಿ ಪಟ್ಟಿ ಓದು."

ಕಸ್ತೂರಿ ಬೆರಳಿಟ್ಟು ನಿಧಾನವಾಗಿ ಓದಿದಳು. ರೋಗಿಯ ಕೈಯಿಂದ ಹಣ ಕೇಳದೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳ ಪಟ್ಟಿ ಅದು. ಬೆಳಗಾವಿ ಇತ್ತು, ಹುಬ್ಬಳ್ಳಿ ಇತ್ತು. ವಿಜಯಪುರದ ಒಂದೂ ಇರಲಿಲ್ಲ.

"ಸಂತಿ ತನಕ ನಡೀಲಾರದ ಕುರಿ" ಎಂದಳು ಕಸ್ತೂರಿ. ಹೇಳಿದ ಮೇಲೆ ತಾನೇ ನಾಚಿಕೊಂಡಳು.

ಇರ್ಫಾನಾ ನಕ್ಕಳು. "ನೀ ಅಂದದ್ದ ಬರೊಬ್ಬರಿ. ಮುಂದ ನೋಡ್ರಿ ಸೋಮಣ್ಣ. ಇದರಾಗ ಪ್ರತಿ ಬಿಲ್ಲಿನ ಐದು ಪಾಲಿನಾಗ ಒಂದ್ ಪಾಲು ನೀವ ಕೊಡಬೇಕು ಅಂತ ಐತಿ. ರೂಮಿನ ಬಾಡಗಿಗೂ ಮಿತಿ ಐತಿ. ಅದಕ್ಕಿಂತ ದೊಡ್ಡ ರೂಮಿಗೆ ಹೋದ್ರ, ಬರೇ ಬಾಡಗಿ ಅಲ್ಲ, ಡಾಕ್ಟರ್ ಫೀ, ಆಪರೇಷನ್ ಖರ್ಚಿನಾಗೂ ಅದೇ ಲೆಕ್ಕದಾಗ ಕಡಿತಾರ. ಮಂದಿ ಡಿಸ್ಚಾರ್ಜ್ ದಿನ ನಮ್ಮ ಕೌಂಟರ್ ಮುಂದ ಬಂದು ಬೈಯೂದು ಇದಕ್ಕ."

"ಹಂಗಾರ ತುಟ್ಟೀದು ತಗೋಳೂದ ಛಲೋ ಅನ್ರಿ" ಎಂದ ಸೋಮು.

"ತುಟ್ಟೀದು ಅಂತ ತಗೋಬ್ಯಾಡ್ರಿ. ನಿಮಗ ಏನ್ ಬೇಕು ಅಂತ ತಗೋರಿ. ನೀವು ಹಗಲೆಲ್ಲ ರಸ್ತೇದ ಮ್ಯಾಲ ಇರ್ತೀರಿ, ನಿಮಗ ಅಪಘಾತದ ಚಿಕಿತ್ಸಾ ಮೊದಲ ದಿನದಿಂದ ಸಿಗಬೇಕು. ಕಸ್ತೂರಿಗೆ ನಾಳೆ ಕೂಸಾದ್ರ? ಈ ತುಟ್ಟೀದರಾಗ ಹೆರಿಗಿ ಖರ್ಚು ಐತಿ, ಆದ್ರ ಎರಡು ವರ್ಷ ಕಾಯಬೇಕು ಅಂತ ಬರದಾರ. ಅದು ಮೊದಲ ಗೊತ್ತಿರಬೇಕು. ಕೆಲವು ಆಪರೇಷನ್‌ಗೂ ಕಾಯಬೇಕಾಗ್ತೈತಿ. ಕಣ್ಣಿನ ಪೊರಿ, ಮೊಣಕಾಲು ಇಂಥವು. ಇನ್ನ ಚಿಗವ್ವಂದು. ವಯಸ್ಸಾದವ್ರನ್ನ ಎಲ್ಲಾರ ಕೂಡ ಒಂದ ಪಾಲಿಸಿಗೆ ಸೇರಿಸಿದ್ರ, ಅವರ ವಯಸ್ಸಿನ ಲೆಕ್ಕದ ಮ್ಯಾಲ ಎಲ್ಲಾರ ಕಂತೂ ಏರಬಹುದು. ಆಕಿಗೆ ಬ್ಯಾರೆ ಪಾಲಿಸಿ ಮಾಡಿದ್ರ ಎಷ್ಟು, ಕೂಡಿ ಮಾಡಿದ್ರ ಎಷ್ಟು, ಎರಡೂ ಕೇಳ್ರಿ."

"ನನಗ ಬ್ಯಾಡವಾ ಪಾಲಿಸಿ, ನಾ ಗಟ್ಟಿ ಅದೇನಿ" ಎಂದಳು ಮುದುಕವ್ವ ಅವಸರದಲ್ಲಿ.

ಇರ್ಫಾನಾ ಕಾಗದ ಮಡಚಿದಳು. ಅವಳ ಮುಖದ ನಗು ಇಳಿದಿತ್ತು. "ಒಂದ್ ಮಾತು ಹೇಳ್ತೇನಿ. ಮೊನ್ನೆ ಒಬ್ಬಾಕಿ ಬಂದಿದ್ಳು, ಗಂಡಗ ಹೃದಯದ ತೊಂದ್ರಿ. ಮೂರು ವರ್ಷದಿಂದ ಕಂತು ಕಟ್ಟ್ಯಾರ. ಆದ್ರ ಫಾರ್ಮಿನಾಗ ಬಿಪಿ ಇಲ್ಲ ಅಂತ ಬರಿಸ್ಯಾರ, ಹಳೇ ಚೀಟಿ ನೋಡಿದ್ರ ಆರು ವರ್ಷದಿಂದ ಗುಳಿಗಿ. ಕಂಪನಿಯವ್ರು ಕೊಡೂದುಲ್ಲ ಅಂದ್ರು. ಬಿಪಿ ಇತ್ತು ಅಂತಲ್ಲ ಚಿಗವ್ವಾ, ಮುಚ್ಚಿದ್ರು ಅಂತ. ಹೇಳಿದ್ರ ಕಂತು ಸ್ವಲ್ಪ ಹೆಚ್ಚ ಆಗ್ತಿತ್ತು, ಆ ಬ್ಯಾನಿಗೆ ಒಂದೆರಡು ವರ್ಷ ಕಾಯಬೇಕಿತ್ತು, ಮೂರು ವರ್ಷ ಮೀರಂಗಿಲ್ಲ. ಆ ಮೂರು ವರ್ಷ ಕಳದ ಹೋಗಿತ್ತಲ್ಲ! ಆಕಿ ಕೌಂಟರ್ ಹಿಡ್ಕೊಂಡು ನಿಂತಾಕಿ ಅಳಲೂ ಇಲ್ಲ."

ಮುದುಕವ್ವ ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋದಳು.

ಕಸ್ತೂರಿ ಹಿಂದೆಯೇ ಹೋಗಿ ರೊಟ್ಟಿ ಬಡಿಯಲು ಕುಳಿತಳು. ಅತ್ತೆ ಒಲೆಯ ಮುಂದೆ, ಸೊಸೆ ಹಿಟ್ಟು ನಾದುವ ಕೊಮ್ಮಣಿಗೆಯ ಮುಂದೆ. ಒಂದು ರೊಟ್ಟಿ ಆಯಿತು, ಎರಡಾಯಿತು. ಈ ಮನೆಗೆ ಬಂದಾಗಿನಿಂದ ಕಸ್ತೂರಿ ಅತ್ತೆಯ ಮಾತಿಗೆ ಎದುರಾಡಿದವಳಲ್ಲ. ಮೂರನೆಯ ರೊಟ್ಟಿ ತಟ್ಟುತ್ತ, ಹಿಟ್ಟಿನ ಕಡೆಗೇ ನೋಡುತ್ತ ಹೇಳಿದಳು:

"ಅತ್ತೀ, ಅಗಸಿ ಡಬ್ಬಿ ವಿಷಯ ನನಗ ಗೊತ್ತೈತಿ."

ತವೆಯ ಮೇಲಿನ ರೊಟ್ಟಿ ತಿರುಗಲಿಲ್ಲ.

"ಯಾರ ಮುಂದ ಹೇಳಿದಿ?"

"ಯಾರ ಮುಂದೂ ಇಲ್ಲ."

"ಇನ್ನೂ ಹೇಳಬ್ಯಾಡ. ಸುಭಾಷಗ ಗೊತ್ತಾದ್ರ ಮಾಳವ್ವಗ ಗೊತ್ತಾತು. ನಿರ್ಮಲಾನ ಲಗ್ನ ಮುರೀತಿ ಏನು ನೀ?"

"ಬ್ಯಾರೆ ಏಜೆಂಟ್ ಕಡೆ ಮಾಡಿಸಿದ್ರ?"

"ಅವ್ನ ಬಿಟ್ಟು ಬ್ಯಾರೆಯವ್ನ ಕಡೆ ಯಾಕ ಹೋದ್ರು ಅಂತ ಕೇಳೂದುಲ್ಲೇನು? ಸುಮ್ನ ಇರು. ನನಗೇನೂ ಆಗೂದುಲ್ಲ."

ರೊಟ್ಟಿ ಸೀದ ವಾಸನೆ ಬಂತು. ಮುದುಕವ್ವ ಅದನ್ನು ಎಳೆದು ಕೆಳಗೆ ಹಾಕಿದಳು. ಕಸ್ತೂರಿ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡು ಮೆಲ್ಲಗೆ ಅಂದಳು:

"ಕೆಮ್ಮಿನ ಕುರಿ ನೆನಪೈತೇನು ಅತ್ತೀ?"

ಮುದುಕವ್ವನಿಗೆ ನೆನಪಿರದೆ ಏನು! ಆ ದಿನ ಬಬಲೇಶ್ವರದ ಸಂತೆಯಲ್ಲಿ ಅವಳೂ ಇದ್ದಳು, ಅಪ್ಪನ ಕಂಬಳಿಯ ಮೇಲೆ ಕುಳಿತು ಬೆಂಡು ಬತ್ತಾಸು ತಿನ್ನುತ್ತಿದ್ದಳು. ಅಪ್ಪ ನೀರು ಕುಡಿಯಲು ಹೋದಾಗ ಕಾಕಾ ಒಂದು ಕೆಮ್ಮಿನ ಕುರಿಯನ್ನು, ಕೆಮ್ಮಿನ ಮಾತೆತ್ತದೆ, ಒಬ್ಬ ಮುದುಕನಿಗೆ ಮಾರಿಬಿಟ್ಟಿದ್ದ. ಮುಂದಿನ ಸಂತೆಗೆ ಆ ಮುದುಕ ಬಂದ. ಜಗಳ ಆಡಲಿಲ್ಲ. ಸತ್ತ ಕುರಿಗೆ ಕಟ್ಟಿದ್ದ ಖಾಲಿ ಹಗ್ಗವನ್ನು ಅಪ್ಪನ ಮುಂದೆ ಇಟ್ಟು ನಿಂತ, ಅಷ್ಟೇ. ಸಂಗಣ್ಣ ಹಿಂಡಿನ ಒಳ್ಳೆಯ ಕುರಿಯೊಂದನ್ನು ಅದೇ ಹಗ್ಗಕ್ಕೆ ಕಟ್ಟಿ ಕೊಟ್ಟ. ಅಂದಿನಿಂದ ಅವನು ಗಿರಾಕಿ ಬಂದರೆ ಮೊದಲು ಕುರಿಯ ಐಬು ಹೇಳುತ್ತಿದ್ದ, ಆಮೇಲೆ ರೇಟು. ಇದಕ್ಕೆ ಹಿಂಗಾಲು ಸೋತಿದೆ, ಇದು ಮೇವಿನಲ್ಲಿ ಹಟ ಮಾಡುತ್ತದೆ, ಎಂದು. ಮಂದಿ ನಗುತ್ತಿದ್ದರು. ಆದರೂ ಸಂತೆಯಲ್ಲಿ ಮೊದಲು ಖಾಲಿಯಾಗುತ್ತಿದ್ದುದು ಅವನ ಹಿಂಡೇ.

"ಅಜ್ಜ ಕುರಿ ಕೊಳ್ಳೂವಾಗ ಹಲ್ಲು ಹಿಡದು ನೋಡ್ತಿದ್ದ. ಮಾರೂವಾಗ ತಾನ ಬಾಯಿ ತೆರದು ತೋರಿಸ್ತಿದ್ದ" ಎಂದಳು ಕಸ್ತೂರಿ. "ವಿಮಾದ ಕಾಗದ ನಾವು ಹಲ್ಲು ಹಿಡದು ನೋಡೀವಿ. ನಮ್ಮ ಬಾಯಿ ಮಾತ್ರ ಮುಚ್ಕೊಂಡು ಕುಂತೀವಿ. ನಾಳೆ ನಿನಗ ಏನರ ಆದ್ರ, ಆ ಮುದುಕನಂಗ ಖಾಲಿ ಹಗ್ಗ ಹಿಡ್ಕೊಂಡು ನಾವು ನಿಂದ್ರಬೇಕೇನತ್ತೀ?"

ಮುದುಕವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಒಲೆಯ ಹೊಗೆಗೋ, ಬೇರೆ ಯಾವುದಕ್ಕೋ.

"ಅಪ್ಪ ಇದ್ದಿದ್ರ ಇವತ್ತ ನನ್ನ ಕಿವಿ ಹಿಂಡ್ತಿದ್ದ" ಎಂದಳು. ಆಮೇಲೆ ಮೇಲಿನ ಹಲಗೆಯಿಂದ ಡಬ್ಬಿ ಇಳಿಸಿ, ಗುಳಿಗೆಯ ಚೀಲ ಹೊರತೆಗೆದು, ಎಲ್ಲರಿಗೂ ಕಾಣುವ ಕಿಟಕಿಯ ಮೇಲೆ ಇಟ್ಟು, ಸೋಮು, ನಿರ್ಮಲಾ ಇಬ್ಬರನ್ನೂ ಕರೆದು ಎಲ್ಲ ಹೇಳಿದಳು.

"ಯವ್ವಾ, ಚಟ್ನಿ ಡಬ್ಬ್ಯಾಗ!" ಸೋಮು ತಲೆಯ ಮೇಲೆ ಕೈ ಹೊತ್ತ. ನಿರ್ಮಲಾ ಮಾತ್ರ ತಾಯಿಯ ಪಕ್ಕ ಬಂದು ಕುಳಿತು, "ನನ್ನ ಲಗ್ನ ನಿನ್ನ ಗುಳಿಗಿ ಮ್ಯಾಲ ನಿಂತಿದ್ರ, ಅಂಥಾ ಲಗ್ನ ಬ್ಯಾಡ ಬಿಡಬೇ" ಎಂದಳು. ಹುಡುಗ ಅವಳಿಗೂ ಇಷ್ಟವಾಗಿದ್ದ.

ಬುಧವಾರ ಬೆಳಿಗ್ಗೆ ಸೋಮು, ಮುದುಕವ್ವ, ಕಸ್ತೂರಿ ಮೂವರೂ ಟೆಂಪೋದಲ್ಲಿ ಬಬಲೇಶ್ವರಕ್ಕೆ ಹೊರಟರು. ದಾರಿಯುದ್ದಕ್ಕೂ ತಂತಿಯ ಮೇಲೆ ಹಬ್ಬಿದ ದ್ರಾಕ್ಷಿ ಬಳ್ಳಿ. ಮುದುಕವ್ವ ಕಿಟಕಿಯಿಂದ ಕೈ ಚಾಚಿ ತೋರಿಸುತ್ತ ಹೋದಳು. ಇಲ್ಲಿ ಬೀಳು ಹೊಲವಿತ್ತು, ಕುರಿ ಬಿಡುತ್ತಿದ್ದೆವು. ಅಲ್ಲಿ ಬೇವಿನ ಮರದ ಕೆಳಗೆ ಅಪ್ಪ ಬುತ್ತಿ ಬಿಚ್ಚುತ್ತಿದ್ದ. ಆ ಹಳ್ಳದಲ್ಲಿ ನನ್ನ ಕಾಲ್ಗೆಜ್ಜೆ ಕಳೆಯಿತು. ಹಳ್ಳಕ್ಕೆ ಈಗ ಸೇತುವೆ ಬಂದಿತ್ತು. ಬೇವಿನ ಮರವಿದ್ದ ಜಾಗದಲ್ಲಿ ಪೆಟ್ರೋಲ್ ಬಂಕು. ಆದರೂ ಕಸ್ತೂರಿಗೆ ಅಲ್ಲೆಲ್ಲ ಅಜ್ಜನ ಕಂಬಳಿಯೇ ಕಾಣುತ್ತಿತ್ತು.

ಸುಭಾಷ ಅಕ್ಕನ ಮನೆಯಲ್ಲೇ ಸಿಕ್ಕ. ಮಾಳವ್ವ ಕಂಬಳಿ ಹಾಸಿ ಕೂರಿಸಿದಳು. ಮುದುಕವ್ವ ಕುಳಿತವಳೇ, ಕುಶಲ ಕೇಳುವುದಕ್ಕೂ ಬಿಡದೆ, ಒಂದೇ ಉಸಿರಿಗೆ ಹೇಳಿದಳು:

"ಸುಭಾಷಪ್ಪಾ, ಫಾರ್ಮಿನಾಗ ಸುಳ್ಳು ಬರಿಸೀನಿ. ನನಗ ನಾಲ್ಕು ವರ್ಷದಿಂದ ಸಕ್ಕರಿ ಬ್ಯಾನಿ ಐತಿ. ದಿನಾ ಗುಳಿಗಿ ತಗೋತೇನಿ. ತಿದ್ದಿ ಬರಕೊ. ಮಾಳವ್ವಕ್ಕಾ, ನಿಮ್ಮ ಮುಂದೂ ಮುಚ್ಚಿಟ್ಟಿದ್ದೆ. ಈಗ ಹೇಳೀನಿ. ಇನ್ನ ನಿಮ್ಮ ವಿಚಾರ."

ಸುಭಾಷ ಅಕ್ಕನ ಮುಖ ನೋಡಿದ. ಮಾಳವ್ವ ನೆಲ ನೋಡಿದಳು. ಸೋಮು ಎದ್ದು ಹೋಗುವವನಂತೆ ಟವೆಲ್ಲು ಹೆಗಲಿಗೆ ಹಾಕಿಕೊಂಡ. ತಾನು ಬಾಯಿ ತೆರೆದದ್ದಕ್ಕೆ ನಿರ್ಮಲಾಳ ಬಾಳು ಮುರಿಯಿತೇನೋ ಎಂದು ಕಸ್ತೂರಿಗೆ ಭಯವಾಯಿತು.

ಮಾಳವ್ವ ಒಳಗಿನ ಕಡೆ ಮುಖ ಮಾಡಿ ಕೂಗಿದಳು: "ಏ, ಚಾ ತಗೊಂಡ್ ಬರ್ರಿ! ಎರಡು ಕಪ್ಪಿಗೆ ಸಕ್ಕರಿ ಹಾಕಬ್ಯಾಡ್ರಿ."

"ಎರಡು ಯಾರಿಗಕ್ಕಾ?" ಸುಭಾಷ ಕೇಳಿದ.

"ಒಂದು ನನ್ನ ಬೀಗತಿಗೆ. ಒಂದು ನನಗ."

"ನಿನಗ್ಯಾಕ?"

"ಆರು ವರ್ಷ ಆತಲೇ, ನನಗೂ ಐತಿ."

ಸುಭಾಷನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. "ಅಕ್ಕಾ! ಹೋದ ತಿಂಗಳ ನಿನ್ನ ಫಾರ್ಮ್ ನಾನ ತುಂಬೀನಿ! ಇಲ್ಲ ಅಂತ ಬರಿಸೀದಿ!"

"ನೀ ಊರ ತುಂಬ ತಿರಗಾವ. ಗಂಡಸು ಮಗನ ಮನಿ ಅಂದ್ರೂ ಜಡ್ಡಿನ ಸುದ್ದಿ ಹಬ್ಬಿದ್ರ ಕನ್ಯಾ ಕೊಡ್ತಾರೇನು? ಇವರ ಮನ್ಯಾಗ ಸಿಹಿ ಚಾ ಕೊಟ್ಟಾಗ ನನ್ನ ಪಜೀತಿ ನನಗ ಗೊತ್ತು."

ಮೊದಲು ನಕ್ಕವಳು ಮುದುಕವ್ವ. ಆಮೇಲೆ ಮಾಳವ್ವ. ಇಬ್ಬರೂ ಒಬ್ಬರ ತೊಡೆಗೆ ಒಬ್ಬರು ಬಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸುಭಾಷ ಒಬ್ಬನೇ ನಗಲಿಲ್ಲ. ಅವನು ಆ ಹೊತ್ತಿಗೇ ಅಕ್ಕನ ಪಾಲಿಸಿ ಹುಡುಕಿ ತಾರೀಕು ನೋಡುತ್ತಿದ್ದ. "ಕೈಗೆ ಬಂದು ಇನ್ನ ಮೂವತ್ತು ದಿನ ಆಗಿಲ್ಲ. ಅಷ್ಟರಾಗ ಬ್ಯಾಡ ಅಂದ್ರ ತಿರಗಿ ಕೊಡಬಹುದು, ಇಲ್ಲಾ ಖರೆ ಹೇಳಿ ತಿದ್ದಿಸಬಹುದು. ಇವತ್ತ ಕಂಪನಿಗೆ ಬರೀತೇನಕ್ಕಾ" ಎಂದು ಉಸಿರು ಬಿಟ್ಟ. ಆಮೇಲೆ ಕಸ್ತೂರಿಯ ಕಡೆ ತಿರುಗಿ, "ಇನ್ನ ಮ್ಯಾಲ ಫಾರ್ಮ್ ತುಂಬೂವಾಗ ಈ ಸೊಸೀನ ಕರಕೊಂಡು ಹೋಗ್ತೇನ್ರಿ ನಾ" ಎಂದ.

ಸೋಮು ಕಸ್ತೂರಿಯದೂ ತನ್ನದೂ ಸೇರಿ ಒಂದು ಪಾಲಿಸಿ ಮಾಡಿಸಿದ, ವಿಜಯಪುರದ ಆಸ್ಪತ್ರೆಗಳು ಪಟ್ಟಿಯಲ್ಲಿರುವುದನ್ನೇ ನೋಡಿ. ಮುದುಕವ್ವನಿಗೆ ಬೇರೆ. ನಿರ್ಮಲಾಳದು ಮದುವೆಯ ನಂತರ ಮಾಳವ್ವನ ಮನೆಯಲ್ಲಿ. ಮುದುಕವ್ವನ ಕಂತು ಸ್ವಲ್ಪ ಹೆಚ್ಚಾಯಿತು, ಸಕ್ಕರೆಗೆ ಸಂಬಂಧಿಸಿದ ಚಿಕಿತ್ಸೆಗೆ ಎರಡು ವರ್ಷ ಕಾಯಬೇಕೆಂದೂ ಬರೆದು ಬಂತು. ಪಾಲಿಸಿಯ ಸಾರಾಂಶದ ಹಾಳೆಯನ್ನು ಕಸ್ತೂರಿ ಕನ್ನಡದಲ್ಲೇ ಬೇಕೆಂದು ಕೇಳಿ ತರಿಸಿಕೊಂಡಳು. ಬೆರಳಿಟ್ಟು ಸಾಲು ಸಾಲು ಓದಿದಳು. ಅತ್ತೆ ಪಕ್ಕದಲ್ಲಿ ಕುಳಿತು, ಅರ್ಥವಾಗದ ಕಡೆ ಇನ್ನೊಮ್ಮೆ ಓದಿಸಿದಳು.

ಓದಿ ಮುಗಿದ ಮೇಲೆ ಮುದುಕವ್ವ ಟ್ರಂಕು ತೆರೆದು ಆ ಹಿತ್ತಾಳೆಯ ಗಂಟೆ ತೆಗೆದಳು. ಪಾಲಿಸಿ ಇಟ್ಟ ಬಟ್ಟೆಚೀಲದ ಬಾಯಿಗೆ ಅದನ್ನು ಕಟ್ಟಿದಳು. ಚೀಲವನ್ನು ಮೊಳೆಗೆ ತೂಗುಹಾಕುವಾಗ ಗಂಟೆ ಒಮ್ಮೆ ಕಿಣಿ ಅಂದಿತು. ಎಷ್ಟೋ ವರ್ಷಗಳ ಮೇಲೆ ಅದೇ ದನಿ. ಅತ್ತೆ ಸೊಸೆ ಇಬ್ಬರೂ ಒಂದು ಗಳಿಗೆ ಹಾಗೇ ನಿಂತು ಕೇಳಿದರು.

ಇದನ್ನು ಓದುವ ತಾಯಂದಿರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಂದು ಚಟ್ನಿ ಡಬ್ಬಿ ಇರಬಹುದು. ಇವತ್ತೇ ಅದನ್ನು ಕೆಳಗಿಳಿಸಿ. ಸರ್ಕಾರದ ಆರೋಗ್ಯ ಕಾರ್ಡ್ ಮಾಡಿಸಿಕೊಂಡಿದ್ದೀರಾ ನೋಡಿ. ಖಾಸಗಿ ವಿಮೆ ಮಾಡಿಸುವುದಾದರೆ ಪಕ್ಕದ ಮನೆಯವರು ಮಾಡಿಸಿದ್ದನ್ನೇ ಮಾಡಿಸಬೇಡಿ, ಕಂತು ಕಡಿಮೆ ಎಂದು ಮರುಳಾಗಬೇಡಿ, ಹೆಚ್ಚು ಎಂದು ನಂಬಲೂ ಬೇಡಿ. ನಿಮ್ಮ ಮನೆಯಲ್ಲಿ ಯಾರಿದ್ದಾರೆ, ಅವರಿಗೆ ಏನು ಬೇಕಾದೀತು ಎಂದು ಮೊದಲು ಯೋಚಿಸಿ. ಹತ್ತಿರದ ಆಸ್ಪತ್ರೆ ಪಟ್ಟಿಯಲ್ಲಿದೆಯೇ, ಯಾವುದಕ್ಕೆ ಎಷ್ಟು ದಿನ ಕಾಯಬೇಕು, ಬಿಲ್ಲಿನಲ್ಲಿ ನಿಮ್ಮ ಪಾಲೆಷ್ಟು ಎಂದು ಬಾಯಿಬಿಟ್ಟು ಕೇಳಿ. ಕೇಳುವುದಕ್ಕೆ ನಾಚಬೇಡಿ, ಓದು ಕಡಿಮೆಯಾದರೂ ಕೇಳಬಹುದು. ಇರುವ ಕಾಯಿಲೆಯನ್ನು ಇದ್ದ ಹಾಗೆ ಬರೆಸಿ. ಪಾಲಿಸಿ ಕೈಗೆ ಬಂದ ಮೇಲೆ ಪೂರ್ತಿ ಓದಿಸಿಕೊಂಡು ಕೇಳಿ, ಸರಿಯಿಲ್ಲದಿದ್ದರೆ ಮೂವತ್ತು ದಿನದೊಳಗೆ ತಿರುಗಿ ಕೊಡಿ.

ಗಂಟೆ ಕಟ್ಟುವುದು ಮನೆಯವರೆಲ್ಲ ಗಟ್ಟಿ ಇರುವಾಗಲೇ. ಹಾಸಿಗೆ ಹಿಡಿದ ದಿನ ಹಿಂಡಿನಲ್ಲಿ ಹುಡುಕಿದರೆ ಆ ಕುರಿ ಸಿಗುವುದಿಲ್ಲ.